ಹೆಸರಿನಲ್ಲಿ ಉಳಿದ ತಪ್ಪು: ದೇಹ, ಆಹಾರ ಮತ್ತು ಆರೋಗ್ಯದ ಕೆಲವು ಕಲ್ಪನೆಗಳು

ರೋಗವೊಂದರ ಕಾರಣ ತಿಳಿಯುವುದಕ್ಕೆ ಬಹಳ ಮೊದಲೇ ಜನ ಅದಕ್ಕೆ ಹೆಸರಿಟ್ಟಿರುತ್ತಾರೆ. ಹೆಸರಿಡುವಾಗ ಕಣ್ಣಿಗೆ ಕಂಡ ಲಕ್ಷಣವನ್ನೋ ತಮಗೆ ತೋರಿದ ಕಾರಣವನ್ನೋ ಅದರೊಳಗೆ ಸೇರಿಸಿರುತ್ತಾರೆ. ಕಾಲಾಂತರದಲ್ಲಿ ಆ ಕಾರಣ ಸುಳ್ಳೆಂದು ತಿಳಿದರೂ ಹೆಸರು ಬದಲಾಗುವುದಿಲ್ಲ. ಭಾಷೆಯನ್ನು ಅಭ್ಯಾಸ ಮಾಡುವವರಿಗೆ ಇದು ಅರ್ಥವಿಕಾಸದ ಒಂದು ಸಾಮಾನ್ಯ ಸಂಗತಿಯಾಗಿ ಕಾಣಬಹುದು. ಆದರೆ ದೇಹ ಮತ್ತು ಆಹಾರಗಳ ವಿಷಯದಲ್ಲಿ ಹಳೆಯ ಹೆಸರು ಹಳೆಯ ನಂಬಿಕೆಯನ್ನೂ ಉಳಿಸಿಕೊಂಡು ಬರುತ್ತದೆ. ಆ ನಂಬಿಕೆಯಂತೆ ಬಾಣಂತಿಗೆ ಒಂದು ಹಣ್ಣು ತಪ್ಪುತ್ತದೆ, ಭೇದಿಯಾದ ಮಗುವಿಗೆ ನೀರು ತಪ್ಪುತ್ತದೆ.

ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ ಮಲೇರಿಯಾ. ಕನ್ನಡಿಗರ ಕಿವಿಗೆ ಅದು ಮಲೆನಾಡಿನ 'ಮಲೆ'ಯಿಂದ ಬಂದ ಮಾತಿನಂತೆ ಕೇಳಿಸಬಹುದು. ಒಂದು ಕಾಲದಲ್ಲಿ ಮಲೆನಾಡು ಈ ಜ್ವರದಿಂದ ನರಳಿದ್ದೂ ಉಂಟು. ಆದರೆ ಈ ಸಾಮ್ಯ ಕೇವಲ ಆಕಸ್ಮಿಕ. ಪದ ಇಟಲಿಯದು, 'ಕೆಟ್ಟ ಗಾಳಿ' ಎಂಬುದು ಅದರ ಅರ್ಥ. ಜೌಗು ನೆಲದಿಂದ ಏಳುವ ದುರ್ಗಂಧದ ಗಾಳಿಯೇ ಜ್ವರವನ್ನು ತರುತ್ತದೆಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಈ ನಂಬಿಕೆಗೆ ಪೆಟ್ಟು ಬಿದ್ದದ್ದು ಹೈದರಾಬಾದಿಗೆ ಅಂಟಿಕೊಂಡ ಸಿಕಂದರಾಬಾದಿನಲ್ಲಿ. ಬೇಗಂಪೇಟೆಯಲ್ಲಿ ಸರ್ ರೊನಾಲ್ಡ್ ರಾಸ್ ಹೆಸರಿನ ಕಟ್ಟಡವೊಂದಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಪರೋಪಜೀವಿ ವಿಜ್ಞಾನದ ಸಂಸ್ಥೆ ಅದು. 1897ರ ಆಗಸ್ಟ್ 20ರಂದು ರಾಸ್, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯನ್ನು ಸೀಳಿ, ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯ ಕೋಶಗಳನ್ನು ಕಂಡನು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ಸೊಳ್ಳೆಯ ಜೊಲ್ಲುಗ್ರಂಥಿಯ ಮೂಲಕ ರೋಗ ಹರಡುವ ಬಗೆಯನ್ನು ತೋರಿಸಿದನು. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕಥೆಯನ್ನು ಅಜ್ಞಾನದ ಮೇಲೆ ವಿಜ್ಞಾನ ಗೆದ್ದ ಕಥೆಯೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ 'ಕೆಟ್ಟ ಗಾಳಿ'ಯನ್ನು ನಂಬಿದವರು ಕಣ್ಣು ಮುಚ್ಚಿಕೊಂಡಿರಲಿಲ್ಲ. ಜೌಗಿನ ಬಳಿ ಜ್ವರ ಹೆಚ್ಚು, ರಾತ್ರಿಯ ಹೊತ್ತು ಅಪಾಯ ಹೆಚ್ಚು ಎಂಬ ಅವರ ಅವಲೋಕನ ಸರಿಯಾಗಿಯೇ ಇತ್ತು. ಜೌಗನ್ನು ಬರಿದುಮಾಡಿದರೆ ಜ್ವರ ಇಳಿಯುತ್ತಿತ್ತು. ರಾತ್ರಿ ಕಿಟಕಿ ಮುಚ್ಚಿದರೂ ಸ್ವಲ್ಪ ಪ್ರಯೋಜನವಾಗುತ್ತಿತ್ತು, ಏಕೆಂದರೆ ಗಾಳಿಯ ಜೊತೆಗೆ ಸೊಳ್ಳೆಯೂ ಹೊರಗೆ ಉಳಿಯುತ್ತಿತ್ತು. ತಪ್ಪು ಕಾರಣವೊಂದು ಸರಿಯಾದ ಫಲ ಕೊಡುತ್ತಿರುವಾಗ ಅದನ್ನು ತಪ್ಪೆಂದು ಯಾರು ಹೇಳಿಯಾರು? ಇತ್ತ, ಸತ್ಯವನ್ನು ಹುಡುಕುತ್ತಿದ್ದವರೂ ತಪ್ಪಿನಿಂದ ದೂರವಿರಲಿಲ್ಲ. ರಾಸ್‌ನಿಗೆ ಮಾರ್ಗದರ್ಶಕನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಭಾವಿಸಿದ್ದನು. ರಾಸ್ ಕೂಡ ಮೊದಲಲ್ಲಿ ಅದನ್ನೇ ನಂಬಿ, ಸೊಳ್ಳೆ ಸತ್ತ ನೀರನ್ನು ಜನರಿಗೆ ಕುಡಿಸಿ ನೋಡಿದ್ದನು. ಬೆಂಗಳೂರಿನ ಕನ್ನಡಿಗರು ನೆನೆಯಬಹುದಾದ ಇನ್ನೊಂದು ಸಂಗತಿಯಿದೆ. 1883ರಷ್ಟು ಹಿಂದೆ ಬೆಂಗಳೂರಿನ ದಂಡಿನಲ್ಲಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಅವನು ಕಂಡಿದ್ದನು. ತೊಟ್ಟಿಯನ್ನು ಮಗುಚಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನೂ ಅರಿತಿದ್ದನು. ಆ ತೊಟ್ಟಿಗೂ ಜ್ವರಕ್ಕೂ ಸಂಬಂಧ ಕಾಣಲು ಮತ್ತೆ ಹದಿನಾಲ್ಕು ವರ್ಷಗಳು ಬೇಕಾದವು.

ಅರ್ಧ ಸರಿಯಾದ ಅವಲೋಕನ, ಅದಕ್ಕೆ ಅಂಟಿದ ತಪ್ಪು ಕಾರಣ, ಎರಡನ್ನೂ ಕಟ್ಟಿಹಾಕುವ ಒಂದು ಹೆಸರು: ಜನಪ್ರಿಯವಾದ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಬಗೆಯವು. ಕನ್ನಡದ ರೋಗನಾಮಗಳನ್ನು ಈ ದೃಷ್ಟಿಯಿಂದ ನೋಡಬಹುದು. ನೆಗಡಿಯಾದವನು 'ಶೀತವಾಗಿದೆ' ಎನ್ನುತ್ತಾನೆ. ಕೂಡಲೇ ಮಜ್ಜಿಗೆ, ಬಾಳೆಹಣ್ಣು, ಸೌತೆಕಾಯಿಗಳು ಆರೋಪಿಗಳ ಸ್ಥಾನದಲ್ಲಿ ನಿಲ್ಲುತ್ತವೆ. ನೆಗಡಿಯನ್ನು ತರುವುದು ವೈರಾಣು. ಅದು ರೋಗಿಯ ಕೈ, ಕೆಮ್ಮು, ಸೀನುಗಳಿಂದ ಹರಡುತ್ತದೆ. 'ನೆಗಡಿ' ಎಂಬ ಮಾತು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಆರೋಪ ಹೊರಿಸುವುದು 'ಶೀತ' ಎಂಬ ಮಾತು. ಕಾಮಾಲೆಯೂ ಹೀಗೆಯೇ. ಅದೊಂದು ರೋಗವಲ್ಲ, ರಕ್ತದಲ್ಲಿ ಪಿತ್ತವರ್ಣ ಹೆಚ್ಚಿದುದರ ಚಿಹ್ನೆ. ಯಕೃತ್ತಿಗೆ ತಗಲಿದ ವೈರಾಣು, ಪಿತ್ತನಾಳದ ಕಲ್ಲು, ಔಷಧಿಯ ದುಷ್ಪರಿಣಾಮ ಮೊದಲಾದ ಹಲವು ಕಾರಣಗಳಿಂದ ಅದು ಕಾಣಿಸಿಕೊಳ್ಳುತ್ತದೆ. ಹೆಸರು ಒಂದೇ ಆದುದರಿಂದ ಮದ್ದೂ ಒಂದೇ ಎಂದು ಜನ ತಿಳಿಯುತ್ತಾರೆ. ಕಲುಷಿತ ನೀರಿನಿಂದ ಬರುವ ಸಾಮಾನ್ಯ ಬಗೆಯ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಎಲ್ಲ ಸೊಪ್ಪಿನ ರಸಗಳಿಗೂ ಕೀರ್ತಿ ದೊರೆಯುತ್ತದೆ. ಪಿತ್ತನಾಳ ಕಟ್ಟಿದವನು ಅದೇ ರಸವನ್ನು ಕುಡಿಯುತ್ತ ದಿನ ಕಳೆಯುತ್ತಾನೆ. ರೋಗದ ಬಣ್ಣ ಹಳದಿಯೆಂದು ಅಡುಗೆಯಲ್ಲಿ ಅರಿಶಿನವನ್ನು ಬಿಡುವುದಂತೂ ಶುದ್ಧ ಉಪಮಾಲಂಕಾರ.

'ಸಕ್ಕರೆ ಕಾಯಿಲೆ' ಎಂಬ ಹೆಸರಿನಲ್ಲಿ ಬೇರೊಂದು ಮೋಸವಿದೆ. ಮಧುಮೇಹವೆಂಬ ಪ್ರಾಚೀನ ಹೆಸರು ಮೂತ್ರದ ಸಿಹಿಯನ್ನು ಗುರುತಿಸಿ ಇಟ್ಟದ್ದು; ಅವಲೋಕನ ನಿಷ್ಕೃಷ್ಟವಾದುದು. ಅದು 'ಸಕ್ಕರೆ ಕಾಯಿಲೆ' ಆದಾಗ, ಸಕ್ಕರೆ ಬಿಟ್ಟರೆ ಸಾಕು ಎಂಬ ಅರ್ಥ ಬಂತು. ಕಾಫಿಗೆ ಸಕ್ಕರೆ ಬೇಡವೆಂದು ಬೆಲ್ಲ ಹಾಕಿಸಿಕೊಳ್ಳುವವರು, ಅನ್ನ ಬಿಟ್ಟು ಅದರ ಎರಡರಷ್ಟು ಚಪಾತಿ ತಿನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಕ್ಕಿ, ಗೋಧಿ, ರಾಗಿಗಳ ಪಿಷ್ಟವೆಲ್ಲ ಜೀರ್ಣವಾಗುವಾಗ ಗ್ಲೂಕೋಸೇ ಆಗುತ್ತದೆ. ಧಾನ್ಯ ಯಾವುದು ಎಂಬುದಕ್ಕಿಂತ ಎಷ್ಟು ಎಂಬುದೇ ಹೆಚ್ಚಿನ ಪ್ರಶ್ನೆ.

ಆಹಾರದ ವಿಷಯಕ್ಕೆ ಬಂದರೆ ಉಷ್ಣ-ಶೀತಗಳ ವಿಭಾಗಕ್ಕಿಂತ ವ್ಯಾಪಕವಾದ ಕಲ್ಪನೆ ಬೇರೊಂದಿಲ್ಲ. ಕನ್ನಡದ ವೈದ್ಯ ಸಾಹಿತ್ಯದ ಪರಂಪರೆ ದೀರ್ಘವಾದುದು. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಪಾಕವಿಷಯದಲ್ಲಿ ಮೂರನೆಯ ಮಂಗರಸನ ಸೂಪಶಾಸ್ತ್ರ ಇವುಗಳನ್ನು ವಿದ್ಯಾರ್ಥಿಗಳು ಸಾಹಿತ್ಯಚರಿತ್ರೆಯಲ್ಲಿ ಹೆಸರಿನಿಂದಲಾದರೂ ಬಲ್ಲರು. ವಾತ, ಪಿತ್ತ, ಕಫಗಳ ಶಾಸ್ತ್ರ ಪಂಡಿತರ ಓಲೆಗರಿಗಳಿಂದ ಅಡುಗೆಮನೆಗೆ ಇಳಿದಾಗ ಅದರ ಸೂಕ್ಷ್ಮಗಳು ಕಳಚಿ, ಉಷ್ಣ, ಶೀತ, ವಾಯು ಎಂಬ ಮೂರು ಮಾತುಗಳು ಉಳಿದವು. ಹೈದರಾಬಾದಿನಲ್ಲಿ ಇದಕ್ಕೆ ಇನ್ನೊಂದು ಧಾರೆ ಕೂಡಿತು. ಗ್ರೀಕರ ದೇಹರಸ ಸಿದ್ಧಾಂತ ಅರಬ್ಬರ ಮೂಲಕ ಬಂದು ಯುನಾನಿ ವೈದ್ಯವಾಗಿ ನಿಜಾಮರ ಆಶ್ರಯದಲ್ಲಿ ಬೆಳೆಯಿತು. ಕನ್ನಡದ ಮನೆಯವರು 'ಉಷ್ಣ' ಎಂದುದನ್ನು ನೆರೆಮನೆಯ ದಖನಿ ಮಾತಿನವರು 'ಗರಮ್' ಎಂದರು. ಇವರ 'ವಾಯು' ಅವರಿಗೆ 'ಬಾದಿ'. ಎರಡು ಬೇರೆ ಶಾಸ್ತ್ರಗಳು ಒಂದೇ ಮಾತು ಹೇಳುವಂತೆ ಕಂಡದ್ದರಿಂದ ನಂಬಿಕೆ ಇಮ್ಮಡಿ ಗಟ್ಟಿಯಾಯಿತು. ಆದರೆ ಯಾವುದು ಉಷ್ಣ, ಯಾವುದು ಶೀತ ಎಂದು ಪಟ್ಟಿ ಬರೆಯತೊಡಗಿದರೆ ಅದು ಊರಿಂದ ಊರಿಗೆ, ಒಮ್ಮೊಮ್ಮೆ ಅತ್ತೆಯಿಂದ ಸೊಸೆಗೆ ಬೇರೆಯಾಗುತ್ತದೆ.

ಆರೋಗ್ಯವಂತನ ದೇಹದ ಉಷ್ಣತೆ ಏನು ತಿಂದರೂ ಸುಮಾರು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹಾಗೆಂದು ಈ ಮಾತಿಗೆ ಆಧಾರವೇ ಇಲ್ಲವೆನ್ನುವುದೂ ಸರಿಯಲ್ಲ. ಮೆಣಸಿನಕಾಯಿಯ ಖಾರ ನಾಲಗೆಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆರಳಿಸುತ್ತದೆ ಎಂಬುದು 1997ರಲ್ಲಿ ಸ್ಥಾಪಿತವಾಯಿತು. ಆ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಇಂಗ್ಲಿಷಿನಲ್ಲಿ ಬಿಸಿಗೂ ಖಾರಕ್ಕೂ ಒಂದೇ ಮಾತು. ಕನ್ನಡ ಅವುಗಳನ್ನು ಎರಡಾಗಿ ಇಟ್ಟಿದೆ. ನರಗಳು ಮಾತ್ರ ಇಂಗ್ಲಿಷಿನ ಪಕ್ಷವೆಂದು ತೋರುತ್ತದೆ.

ಪರಂಗಿ ಹಣ್ಣಿನ ವಿಷಯದಲ್ಲಿ ಈ ಮಾತು ವಿನೋದವಾಗಿ ಉಳಿಯುವುದಿಲ್ಲ. ಗರ್ಭಿಣಿಯರಿಗೆ ಅದು 'ಉಷ್ಣ', ಗರ್ಭ ನಿಲ್ಲುವುದಿಲ್ಲ ಎಂಬ ಭಯ ಕನ್ನಡ, ತೆಲುಗು, ದಖನಿ ಮನೆಗಳಿಗೆಲ್ಲ ಸಮಾನ. ಬಲಿಯದ ಪರಂಗಿಕಾಯಿಯ ಹಾಲು ಇಲಿಗಳ ಗರ್ಭಕೋಶವನ್ನು ಸಂಕುಚಿಸುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದುದರಿಂದ ಕಾಯಿಯನ್ನು ದೂರವಿಡುವುದು ವಿವೇಕವೇ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಆ ಹಾಲು ಬಹುಮಟ್ಟಿಗೆ ಇರುವುದಿಲ್ಲ. ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಕೇಡಿಲ್ಲ. ಕಾಯಿಯ ದೋಷ ಹಣ್ಣಿಗೆ ಅಂಟಿತು. ಅಂಟಿದ್ದರಿಂದ ಕಳೆದುಹೋದುದೇನು? ಅಗ್ಗವಾಗಿ ದೊರೆಯುವ, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ವರ್ಣದ್ರವ್ಯವುಳ್ಳ ಹಣ್ಣು. ಆ ಜೀವಸತ್ವದ ಕೊರತೆಯ ಮೊದಲ ಕುರುಹನ್ನು ಕನ್ನಡಿಗರು 'ಇರುಳುಗಣ್ಣು' ಎಂದು ಕರೆದರು. ಹೈದರಾಬಾದಿನ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿಯೇ ಇರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧನೆಯ ಆಧಾರದ ಮೇಲೆ, ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದೊಡ್ಡ ಪ್ರಮಾಣವನ್ನು ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು.

ಈ ಸಂಸ್ಥೆಯ ಚರಿತ್ರೆಯೇ ಅನ್ನದ ಬಗೆಗಿನ ತಪ್ಪುಗಳ ಚರಿತ್ರೆ ಎಂದರೂ ಸಲ್ಲುತ್ತದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಚಿಕ್ಕ ಘಟಕ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬೆರಿಬೆರಿ ಹೆಚ್ಚಾಗಿದ್ದುದು ಆಂಧ್ರದ ಕರಾವಳಿಯಲ್ಲಿ, ಗಿರಣಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವವರಲ್ಲಿ. ಅಕ್ಕಿ ಬಿಳಿದಾದಷ್ಟೂ ಶ್ರೇಷ್ಠ ಎಂಬ ಅಭಿಮಾನದಲ್ಲಿ ತವಡಿನ ಜೊತೆಗೆ ಬಿ-1 ಜೀವಸತ್ವವೂ ಹೋಗುತ್ತಿತ್ತು. ಕುಚ್ಚಲಕ್ಕಿ ಉಣ್ಣುವವರಿಗೆ ಈ ರೋಗ ಬಹಳ ಅಪರೂಪ. ಭತ್ತವನ್ನು ಬೇಯಿಸುವಾಗ ಆ ಜೀವಸತ್ವ ಕಾಳಿನ ಒಳಕ್ಕೆ ಇಳಿದಿರುತ್ತದೆ. ಮರ್ಯಾದೆಯ ಊಟ ಮಾತ್ರ ಬಿಳಿ ಅನ್ನವಾಗಿಯೇ ಉಳಿಯಿತು.

ಕನ್ನಡನಾಡಿಗೆ ಇನ್ನೂ ಹತ್ತಿರದ್ದು ಜೋಳದ ಪ್ರಶ್ನೆ. 1956ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದ ಬೀದರ, ಗುಲ್ಬರ್ಗಾ, ರಾಯಚೂರುಗಳೂ ತೆಲಂಗಾಣದ ಒಣಭೂಮಿಯೂ ಜೋಳದ ರೊಟ್ಟಿಯ ಸೀಮೆಗಳು. ಪೆಲಾಗ್ರ ಎಂಬ ರೋಗವಿದೆ. ಬಿಸಿಲು ತಾಕುವ ಚರ್ಮ ಕಪ್ಪಾಗಿ ಬಿರಿಯುತ್ತದೆ, ಭೇದಿಯಾಗುತ್ತದೆ, ಕೊನೆಗೆ ಬುದ್ಧಿಭ್ರಮಣೆಯೂ ಉಂಟು. ಅದು ಸೋಂಕೆಂದು ಅಮೆರಿಕದ ವೈದ್ಯರು ನಂಬಿದ್ದ ಕಾಲದಲ್ಲಿ, ಜೋಸೆಫ್ ಗೋಲ್ಡ್‌ಬರ್ಗರ್ ಅದು ಊಟದ ಕೊರತೆಯೆಂದು ತೋರಿಸಿದನು. ನಯಾಸಿನ್ ಎಂಬ ಜೀವಸತ್ವದ ಅಭಾವವೆಂದು 1937ರಲ್ಲಿ ಖಚಿತವಾಯಿತು. ಪ್ರಪಂಚದ ಬೇರೆಡೆ ಇದು ಮೆಕ್ಕೆಜೋಳ ತಿನ್ನುವ ಬಡವರ ರೋಗ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಿಯಾ ಅದನ್ನು ಜೋಳವನ್ನೇ ನೆಚ್ಚಿದ ಬಡವರಲ್ಲಿ ಕಂಡು, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೇ ಕಾರಣವಿರಬಹುದೆಂದು 1960ರಲ್ಲಿ ಸೂಚಿಸಿದರು. ಈ ಸೂಚನೆಯ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು. ಇಲ್ಲಿ ಕನ್ನಡದ ಒಂದು ತೊಡಕನ್ನು ಹೇಳಬೇಕು. ಅಮೆರಿಕ ಖಂಡದಿಂದ ಬಂದ ಧಾನ್ಯಕ್ಕೂ ಈ ನೆಲದ ಹಳೆಯ ಧಾನ್ಯಕ್ಕೂ ಕನ್ನಡ 'ಜೋಳ'ವೆಂದೇ ಹೆಸರಿಟ್ಟು, ಒಂದಕ್ಕೆ ಮೆಕ್ಕೆ, ಗೋವಿನ, ಮುಸುಕಿನ ಎಂಬ ವಿಶೇಷಣಗಳನ್ನು ಜೋಡಿಸಿತು. ಜೋಳದಿಂದ ರೋಗ ಬರುತ್ತದೆಂದು ಓದಿದವನು ಯಾವ ಜೋಳವೆಂದು ಕೇಳದಿದ್ದರೆ ಎರಡಕ್ಕೂ ಅನ್ಯಾಯವಾಗುತ್ತದೆ. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಮೊಸರು, ಶೇಂಗಾ ಚಟ್ನಿ ಇರುವ ಮನೆಯಲ್ಲಿ ಪೆಲಾಗ್ರ ಕಾಣಿಸದು. ರೊಟ್ಟಿಯ ಜೊತೆಗೆ ಬೇರೇನೂ ಇಲ್ಲದ ಬಡತನಕ್ಕೆ ಸಲ್ಲಬೇಕಾದ ಅಪವಾದವನ್ನು ಜೋಳ ಹೊತ್ತುಕೊಂಡಿತು.

ಇಂಥ ತಪ್ಪುಗಳು ಓದುಬರಹವಿಲ್ಲದವರ ಸೊತ್ತೆಂದು ತಿಳಿಯುವುದು ವಿದ್ಯಾವಂತರ ತಪ್ಪು ಕಲ್ಪನೆ. ಇದಕ್ಕೂ ಹೈದರಾಬಾದೇ ಸಾಕ್ಷಿ. ಶಸ್ತ್ರಕ್ರಿಯೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಹಠಾತ್ತನೆ ಸಾಯುತ್ತಿದ್ದರು. ಕಾರಣ ಹೃದಯವೋ ಉಸಿರೋ ಎಂಬ ವಿವಾದದಲ್ಲಿ ಇಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಉಸಿರಿನ ಪಕ್ಷ ಹಿಡಿದನು. ಆರನೆಯ ನಿಜಾಮನ ಧನಸಹಾಯದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರನ್ನು ಗಮನಿಸಿದರೆ ಸಾಕು, ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ಕೆಡಿಸುವುದಿಲ್ಲ ಎಂದು ತೀರ್ಮಾನಿಸಿದರು. ಅಲ್ಪಪ್ರಮಾಣದ ಕ್ಲೋರೋಫಾರ್ಮಿನಲ್ಲಿಯೇ ಹೃದಯ ತಾಳತಪ್ಪಿ ಅದುರಿ ನಿಲ್ಲಬಹುದೆಂದು ಎ. ಜಿ. ಲೆವಿ 1911ರಲ್ಲಿ ತೋರಿಸಿಕೊಟ್ಟನು. ಪ್ರಯೋಗ, ಅಂಕಿ, ಆಯೋಗ ಎಲ್ಲವೂ ಇದ್ದು ತೀರ್ಮಾನ ತಪ್ಪಾಗಿತ್ತು.

1960ರ ದಶಕದಲ್ಲಿ ವಿಶ್ವಸಂಸ್ಥೆಯ ಮಟ್ಟದಲ್ಲಿ ಹಬ್ಬಿದ 'ಪ್ರೋಟೀನ್ ಅಭಾವ'ದ ಕೂಗೂ ಇದೇ ಜಾತಿಯದು. ಬಡದೇಶಗಳ ಮಕ್ಕಳಿಗೆ ಪ್ರೋಟೀನಿನ ಪುಡಿ ಒದಗಿಸುವುದೇ ಪರಿಹಾರವೆಂದು ತಜ್ಞರು ಸಾರಿದರು. ಭಾರತದ ಮಕ್ಕಳಿಗೆ ಮೊದಲು ಸಾಲದಿರುವುದು ಊಟವೇ, ಮನೆಯ ಧಾನ್ಯ-ಬೇಳೆಗಳನ್ನೇ ಹೊಟ್ಟೆತುಂಬ ಉಂಡರೆ ಪ್ರೋಟೀನಿನ ಕೊರತೆಯೂ ಬಹುಪಾಲು ನೀಗುತ್ತದೆ ಎಂದು ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ತಾರ್ನಾಕಾದಿಂದ ವಾದಿಸಿದರು. ಆ ಕೂಗು ಅಡಗಿತು; ಪುಡಿಯ ಡಬ್ಬಿಗಳು ಮಾತ್ರ ಔಷಧಿ ಅಂಗಡಿಗಳಲ್ಲಿ ಉಳಿದಿವೆ.

ಹೈದರಾಬಾದಿನ ಹೆಸರು ಬಂದಾಗ ಮೃಗಶಿರಾ ಮಳೆಯ ಮೀನನ್ನು ಬಿಡಲಾಗದು. ಜೂನ್ ತಿಂಗಳಿನಲ್ಲಿ ಉಬ್ಬಸ ರೋಗಿಗಳು ಕರ್ನಾಟಕದಿಂದಲೂ ಅಲ್ಲಿಗೆ ಹೋಗಿ, ಹಳದಿ ಲೇಹವಿಟ್ಟ ಜೀವಂತ ಮೀನಿನ ಮರಿಯನ್ನು ನುಂಗುತ್ತಾರೆ. ಅದರಿಂದ ಉಬ್ಬಸ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪ್ರಮಾಣ ದೊರೆತಿಲ್ಲ. ಉಬ್ಬಸ ಹೆಚ್ಚುತ್ತ ಇಳಿಯುತ್ತ ಇರುವ ರೋಗ. ಇಳಿದಾಗ ಮೀನಿಗೆ ಕೀರ್ತಿ, ಹೆಚ್ಚಿದಾಗ ಪಥ್ಯ ತಪ್ಪಿದ ರೋಗಿಗೆ ಅಪಕೀರ್ತಿ. ಭಾಷೆಯ ದೃಷ್ಟಿಯಿಂದ ಕುತೂಹಲದ ಸಂಗತಿಯೆಂದರೆ, ಮೊದಲು ಮೀನಿನ 'ಮಂದು', ಅಂದರೆ ಮದ್ದು, ಎನಿಸಿದ್ದುದು ವಿಚಾರವಾದಿಗಳ ಆಕ್ಷೇಪಗಳ ಅನಂತರ 'ಪ್ರಸಾದ' ಎನಿಸಿಕೊಂಡದ್ದು. ಮದ್ದನ್ನು ಪರೀಕ್ಷಿಸಬಹುದು, ಪ್ರಸಾದವನ್ನು ಪರೀಕ್ಷಿಸುವವರಾರು? ಹಾನಿ ಮೀನಿನಿಂದ ಅಷ್ಟಿಲ್ಲ. ಅದನ್ನು ನಂಬಿ ಉಸಿರಿನ ಔಷಧಿಯನ್ನು ನಿಲ್ಲಿಸಿದವನಿಗೆ ಅಪಾಯ.

ಇದಕ್ಕಿಂತ ಗಂಭೀರವಾದುದು 'ವಾಯು' ಎಂಬ ಮಾತು. ಎದೆಯಲ್ಲಿ ಹಿಡಿದಂತಾಗಿ ಬೆವರೊಡೆದಾಗ ಮನೆಯಲ್ಲಿ ಮೊದಲು ಬರುವ ಉದ್ಗಾರ 'ವಾಯು ಇರಬೇಕು'; ಈಚಿನವರ ಬಾಯಲ್ಲಿ ಅದು 'ಗ್ಯಾಸ್'. ಜೀರಿಗೆ ಕಷಾಯ, ಸೋಡಾ, ಎದೆ ನೀವುವುದು ಎಂದು ರಾತ್ರಿ ಕಳೆಯುತ್ತದೆ. ಹೊಟ್ಟೆಯ ಆಮ್ಲದ ಉರಿಯೂ ಹೃದಯದ ನೋವೂ ಎದೆಯ ನಡುವೆಯೇ ಕಾಣಿಸುವುದರಿಂದ ಗೊಂದಲ ಸಹಜ. ಆದರೆ ಹೃದಯದ ರಕ್ತನಾಳ ಕಟ್ಟಿದಾಗ ಪ್ರತಿಯೊಂದು ಗಂಟೆಯೂ ಸ್ನಾಯುವಿನ ಒಂದು ಭಾಗವನ್ನು ಕೊಲ್ಲುತ್ತದೆ. 'ಹೃದಯಾಘಾತ' ಎಂಬ ಮಾತು ಪತ್ರಿಕೆಯ ಮರಣವಾರ್ತೆಯಲ್ಲಿ ನೆಲೆಯಾಗಿದೆ. ಮನೆಯಲ್ಲಿ ನಡುರಾತ್ರಿಗೆ ಬೇಕಾದ ಮಾತಾಗಿ ಅದಿನ್ನೂ ಬಂದಿಲ್ಲ.

ಮಗುವಿನ ಭೇದಿಯಲ್ಲಿಯೂ ಹೀಗೆಯೇ. ಕುಡಿದದ್ದೆಲ್ಲ ಹೊರಗೆ ಹೋಗುತ್ತಿರುವಾಗ ಕುಡಿಸುವುದೇಕೆ ಎಂಬ ತರ್ಕ ಮೇಲುನೋಟಕ್ಕೆ ಅಚ್ಚುಕಟ್ಟಾಗಿದೆ. ಮಗು ಸಾಯುವುದು ಭೇದಿಯಿಂದಲ್ಲ, ನೀರು ಮತ್ತು ಲವಣಗಳು ಬರಿದಾಗುವುದರಿಂದ. ಸಕ್ಕರೆ ಬೆರೆತರೆ ಕರುಳು ಉಪ್ಪನ್ನೂ ನೀರನ್ನೂ ಭೇದಿಯ ನಡುವೆಯೇ ಹೀರಿಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಸಕ್ಕರೆ-ಉಪ್ಪಿನ ನೀರನ್ನು ಕುಡಿಸಿ ಸಾವುಗಳನ್ನು ಬಹಳ ಇಳಿಸಿದರು.

ಕೊನೆಯದಾಗಿ ಹೇಳಬೇಕಾದ ಒಂದು ತಪ್ಪಿನಲ್ಲಿ ಕನ್ನಡ ಭಾಷೆ ತಪ್ಪಿನ ಪಕ್ಷದಲ್ಲಿಲ್ಲ. ಹೆತ್ತ ತಾಯಿಯ ಮೊದಲ ಎರಡು ಮೂರು ದಿನಗಳ ಹಾಲು ಹಳದಿಯಾಗಿ, ದಪ್ಪವಾಗಿ, ಸ್ವಲ್ಪವೇ ಇರುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ಪದ್ಧತಿ ದೇಶದ ಹಲವು ಕಡೆ ಇತ್ತು, ಪೂರ್ಣವಾಗಿ ಹೋಗಿಲ್ಲ. ಆ ಹಾಲಿನಲ್ಲಿ ಸೋಂಕನ್ನು ತಡೆಯುವ ಪ್ರತಿಕಾಯಗಳೂ ಎ ಜೀವಸತ್ವವೂ ಹೇರಳವಾಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ವಿಷ ಕಾರಬಲ್ಲವು. ಇದೇ ಮನೆಯಲ್ಲಿ ಹಸು ಈದರೆ ಮೊದಲ ದಿನಗಳ ಹಾಲನ್ನು ಯಾರೂ ಚೆಲ್ಲುವುದಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ, ನೆರೆಹೊರೆಗೂ ಹಂಚಿ ತಿನ್ನುತ್ತಾರೆ. ತೆಲುಗರು ಅದನ್ನು ಜುನ್ನು ಎಂದರೆ ಕನ್ನಡಿಗರು ಗಿಣ್ಣು ಎನ್ನುತ್ತಾರೆ. ಕರುವಿಗೆ ಗಿಣ್ಣು ಕುಡಿಸದಿದ್ದರೆ ಅದು ಬದುಕುವುದು ಕಷ್ಟವೆಂದು ದನ ಸಾಕಿದವರೆಲ್ಲ ಬಲ್ಲರು. ಬಾಣಂತಿಯ ಆ ಹಾಲಿಗೆ ವೈದ್ಯರು ಹೇಳುವ 'ಕೊಲಸ್ಟ್ರಮ್' ಎಂಬ ಹೆಸರನ್ನು ಕೇಳಿ ತಲೆಯಾಡಿಸುವ ಅಜ್ಜಿಗೆ, ಅದು ತಾಯಿಯ ಗಿಣ್ಣು ಎಂದರೆ ಮತ್ತೇನೂ ವಿವರಿಸಬೇಕಾಗುವುದಿಲ್ಲ.